ಸೊಟ್ಟಂಗಡಿಯ ಕೊನೆಯ ಚೀಟಿ

ಅಂಗಡಿಯ ಬೋರ್ಡಿನ ಮೇಲೆ ಏನೋ ದೊಡ್ಡ ಹೆಸರಿತ್ತು. ಅದನ್ನು ಪೂರ್ತಿ ಓದಿದವನು ಬೋರ್ಡು ಬರೆದ ಪೇಂಟರ್ ಒಬ್ಬನೇ ಇರಬೇಕು. ಜನರ ಬಾಯಲ್ಲಿ ಅದು ಸೊಟ್ಟಂಗಡಿ. ಸುತ್ತಲ ಆರು ಊರುಗಳಲ್ಲಿ ಶಾಖೆಗಳಿದ್ದವು. ಆರರಲ್ಲೂ ನೆಗ್ಗಿದ ಪಾತ್ರೆ, ಬಣ್ಣ ಮಾಸಿದ ಚಾದರ, ಒಂದು ಕಾಲು ಗಿಡ್ಡವಾದ ಕುರ್ಚಿ, ಎಲ್ಲ ಅರ್ಧ ಬೆಲೆಗೆ. ಕಟ್ಟಿ ಬೆಳೆಸಿದ ಯಜಮಾನರಿಗೆ ಜನ ಇಟ್ಟ ಹೆಸರು ಗಂಟಲಪ್ಪ. ಬೆಳಗಿನಿಂದ ಸಂಜೆವರೆಗೆ ಮೈಕು ಹಿಡಿದು ತನ್ನ ಮಾಲನ್ನು ತಾನೇ ಬೈಯುವ ಪುಣ್ಯಾತ್ಮ ಬೇರೆಲ್ಲಾದರೂ ಇದ್ದಾನೆಯೇ?

"ಈ ಫ್ಯಾನು ತಿರುಗುವಾಗ ಅತ್ತೆ ಗೊಣಗಿದ ಹಾಗೆ ಸದ್ದು ಮಾಡತ್ತೆ. ಮನೇಲಿ ಅತ್ತೆ ಇಲ್ಲದೋರು ಬೇಗ ಬನ್ನಿ!"

ಒಬ್ಬ ದೊಡ್ಡ ಅಧಿಕಾರಿ ಬಂದು "ನೆಗ್ಗಿಲ್ಲದ್ದು ತೋರ್ಸಿ" ಅಂದದ್ದಕ್ಕೆ, "ಎದುರಂಗಡಿಗೆ ಹೋಗಿ ಸಾರ್, ಅಲ್ಲಿ ನೆಗ್ಗೋದು ನಿಮ್ಮ ಜೇಬು" ಅಂದಿದ್ದರು, ಅದೂ ಮೈಕಿನಲ್ಲೇ.

ಅಂಗಡಿಗೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಪ್ರತಿ ವಸ್ತುವಿಗೂ ದಾರದಲ್ಲಿ ಒಂದು ಚೀಟಿ, ಚೀಟಿಯಲ್ಲಿ ಎರಡು ಸಾಲು: ಕುಂದು ಏನು, ಅದು ಹೇಗಾಯಿತು. ಇಪ್ಪತ್ತಾರು ವರ್ಷ ಆ ಚೀಟಿಗಳನ್ನು ಬರೆದವಳು ಚೀಟಿಯಕ್ಕ. ಎರಡನೆಯ ಸಾಲನ್ನು ಯಜಮಾನರು ಹೇಳುತ್ತಿದ್ದರು, ಇವಳು ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆಯುತ್ತಿದ್ದಳು.

ಯಜಮಾನರು ತೀರಿಹೋಗಿ ಎರಡು ತಿಂಗಳಾಗಿತ್ತು. ಶಾಖೆಗಳೆಲ್ಲ ಮುಚ್ಚಿ, ಇವತ್ತು ಈ ಮೊದಲ ಅಂಗಡಿಗೂ ಕೊನೆಯ ದಿನ. ನಾಲ್ಕು ಗಂಟೆಗೆ ಹಳೆಯ ಗಿರಾಕಿಗಳೆಲ್ಲ ಸೇರುವವರಿದ್ದರು, ಚೀಟಿಯಕ್ಕ ಅವರೆದುರು ಮಾತಾಡಬೇಕಿತ್ತು. "ನಮ್ಮ ಯಜಮಾನರು ಒಂದೇ ಒಂದು ಸುಳ್ಳು ಹೇಳಿದವರಲ್ಲ" ಎಂಬ ಸಾಲನ್ನು ವಾರವಿಡೀ ಕನ್ನಡಿಯೆದುರು ಹೇಳಿ ಹೇಳಿ ಗಂಡನಿಂದ "ಸಾಕು ಕಣೇ, ನನಗೇ ಬಾಯಿಪಾಠ ಆಯ್ತು" ಅನ್ನಿಸಿಕೊಂಡಿದ್ದಳು.

ಮೂರು ಗಂಟೆಗೆ ಯಜಮಾನರ ಹೆಂಡತಿಗೆ ಕುರ್ಚಿ ತರಲೆಂದು ಗೋದಾಮಿಗೆ ಹೋದಳು. ಅಂಗಡಿ ಖಾಲಿ ಮಾಡಲು ಬಂದು ಕಪಾಟು ಸರಿಸಿದ ಕೂಲಿಯವರು ಅದರ ಹಿಂದಿನ ಕೋಣೆಯ ಬೀಗವನ್ನೂ ಒಡೆದಿದ್ದರು. ಯಾವತ್ತೂ ತೆರೆಯದ ಬಾಗಿಲು. ಒಳಗೆ ಒಂದು ಮೇಜು. ಎಡಗಡೆ ಕಾರ್ಖಾನೆಯ ಕಾಗದ ಸುತ್ತಿದ, ಒಂದು ಗೀರೂ ಇಲ್ಲದ ಹೊಸ ಪಾತ್ರೆಗಳು. ಬಲಗಡೆ ಅದೇ ಪಾತ್ರೆಗಳು, ನೆಗ್ಗಿದವು. ನಡುವೆ ಮಡಿಸಿದ ಗೋಣಿಚೀಲದ ಮೇಲೆ ಒಂದು ಮರದ ಕೊಡತಿ.

ಚೀಟಿಯಕ್ಕ ಅದನ್ನು ಎತ್ತಿಕೊಂಡಳು. ಕೊಡತಿಯ ತುದಿಯನ್ನು ಒಂದು ನೆಗ್ಗಿಗೆ ಇಟ್ಟು ನೋಡಿದಳು. ಸರಿಯಾಗಿ ಕೂತಿತು. ಇನ್ನೊಂದಕ್ಕಿಟ್ಟಳು. ಅಲ್ಲೂ ಕೂತಿತು.

ಅಯ್ಯೋ ದೇವರೇ! "ತಳದ ಪಕ್ಕ ಬೆರಳಗಲ ನೆಗ್ಗು. ಲಾರಿಯಲ್ಲಿ ಉರುಳಿದ್ದು." ಎಷ್ಟು ಸಾವಿರ ಸಲ ಬರೆದಿದ್ದಳು! ಯಾವ ಲಾರಿ ಎಲ್ಲ ಪಾತ್ರೆಯನ್ನೂ ಒಂದೇ ಮಗ್ಗುಲಿಗೆ, ಒಂದೇ ಅಳತೆಗೆ ಉರುಳಿಸುತ್ತದೆ? ಶಾಲೆಗೆ ಹೋಗುವ ಮಗುವೂ ಕೇಳುತ್ತಿತ್ತು. ಇವಳು ಕೇಳಿರಲಿಲ್ಲ.

"ನೋಡ್ಬಿಟ್ಯಾ?" ಬಾಗಿಲಲ್ಲಿ ಯಜಮಾನರ ಹೆಂಡತಿ.

"ಅಮ್ಮಾ, ಇದೇನಿದು?"

"ಮೊದಲ ಹತ್ತು ವರ್ಷ ನಿಜವಾದ ಸೊಟ್ಟ ಮಾಲೇ ಕಣೇ. ಆಮೇಲೆ ಕಾರ್ಖಾನೆಗೆ ಹೊಸ ಮಿಷನ್ ಬಂತು, ಪಾತ್ರೆ ನೆಗ್ಗೋದೇ ನಿಂತೋಯ್ತು. ಇವರು ಒಳ್ಳೇ ಪಾತ್ರೇನೇ ಅದೇ ಅರ್ಧ ಬೆಲೆಗೆ ಇಟ್ರು. ಯಾರಾದ್ರೂ ಮುಟ್ಟಿದ್ರಾ? ಇಷ್ಟು ಕಮ್ಮಿಗೆ ಕೊಡ್ತಾನೆ ಅಂದ್ರೆ ಕದ್ದ ಮಾಲೇ ಇರ್ಬೇಕು ಅಂದ್ರು. ನೊಣ ಹೊಡೀತಾ ಕೂತಿದ್ರಲ್ಲೇ ನೀವೆಲ್ಲ, ಮರೆತ್ಯಾ?"

ಮರೆತಿರಲಿಲ್ಲ. ಆಮೇಲೆ ಒಂದು ಸೋಮವಾರ ಇದ್ದಕ್ಕಿದ್ದಂತೆ ನೆಗ್ಗಿದ ಮಾಲು ಬಂದಿತ್ತು, ಸಂಜೆಯೊಳಗೆ ಖಾಲಿಯಾಗಿತ್ತು.

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನ ಕೈ ಬರೀತಿತ್ತಾ?" ಅಮ್ಮನ ಸ್ವರ ತಗ್ಗಿತು. "ಇವತ್ತೊಂದು ದಿನ ಬಾಯಿ ಮುಚ್ಕೊಂಡಿರೇ. ನಿನ್ನ ದಮ್ಮಯ್ಯ."

ಚೀಟಿಯಕ್ಕನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಸುಳ್ಳು ಅವರದು, ಅಕ್ಷರ ತನ್ನದು! ನಿಜ ಹೇಳಿದರೆ ಸತ್ತವರ ಮಾನ ಹೋಗುತ್ತದೆ, ಜೊತೆಗೆ ತನ್ನದೂ. ಹೇಳದಿದ್ದರೆ ಕನ್ನಡಿಯೆದುರು ಕಲಿತ ಆ ಸಾಲನ್ನು ತಾನೇ ಬಾಯಾರೆ ಹೇಳಬೇಕು.

ನಾಲ್ಕಕ್ಕೆ ಅಂಗಡಿ ತುಂಬಿತ್ತು. ಕೆಲವರು ನೆನಪಿಗೆಂದು ಮನೆಯಿಂದ ಸೊಟ್ಟ ಪಾತ್ರೆಗಳನ್ನೇ ಹಿಡಿದು ಬಂದಿದ್ದರು. ಚೀಟಿಯಕ್ಕ ಮೈಕು ಹಿಡಿದಳು.

"ನಮ್ಮ ಯಜಮಾನರು ಒಂದೇ ಒಂದು..."

ಸೆರಗಿನಡಿಯಿಂದ ಕೊಡತಿ ತೆಗೆದು ಮೇಜಿನ ಮೇಲಿಟ್ಟಳು.

"ಈ ಅಂಗಡೀಲಿ ಒಂದು ಕುಂದಿತ್ತು. ಅದಕ್ಕೆ ನಾನು ಚೀಟಿ ಬರೆದಿರ್ಲಿಲ್ಲ," ಅಂದಳು. ಎಲ್ಲ ಹೇಳಿದಳು, ಒಂದನ್ನೂ ಬಿಡದೆ.

ಮುಂದಿನ ಸಾಲಿನಲ್ಲಿ ಕೂತಿದ್ದ ನಿವೃತ್ತ ಮೇಷ್ಟ್ರು ಕೈಯಲ್ಲಿದ್ದ ಪಾತ್ರೆಯನ್ನು ತಿರುಗಿಸಿ ತಿರುಗಿಸಿ ನೋಡಿ ಎದ್ದು ನಿಂತರು.

"ಹಾಗಾದ್ರೆ ನಮ್ಮನೇಲಿರೋ ಹದಿನಾಲ್ಕು ಪಾತ್ರೇನೂ ಸರಿಯಾಗೇ ಇದ್ವಾ?"

"ಇದ್ವು ಮೇಷ್ಟ್ರೇ. ಸರಿಯಾಗಿದ್ದಾಗ ನಿಮ್ಮ ಕೈಗೇ ಕೊಟ್ಟಿದ್ದೆ. ನೆನಪಿದ್ಯಾ? ಮೂಸಿ ನೋಡಿ ವಾಪಸ್ ಇಟ್ರಿ."

ಮೇಷ್ಟ್ರು ಪಾತ್ರೆಯನ್ನು ಮಡಿಲಲ್ಲಿ ಕವುಚಿಟ್ಟುಕೊಂಡು ಕೂತರು. ಹಿಂದೆ ಯಾರದೋ ಕೈಯಿಂದ ಪಾತ್ರೆಯೊಂದು ಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳಲು ಯಾರೂ ಬಗ್ಗಲಿಲ್ಲ.

ಚೀಟಿಯಕ್ಕ ಮೇಜಿನ ಖಾನೆಯಿಂದ ಒಂದು ಖಾಲಿ ಚೀಟಿ ತೆಗೆದಳು. ಅಕ್ಷರ ಸೊಟ್ಟಗಾಗಲು ಬಿಡದೆ ಬರೆದಳು.

ಕುಂದು: ಒಂದು ಸುಳ್ಳು.
ಹೇಗಾಯಿತು: ಒಳ್ಳೆಯದನ್ನು ಕೊಟ್ಟಾಗ ಯಾರೂ ನಂಬಲಿಲ್ಲ.

ಅದನ್ನು ಗೋಡೆಯ ಮೇಲಿದ್ದ ಯಜಮಾನರ ಫೋಟೋದ ಮೊಳೆಗೆ ಕಟ್ಟಲು ಹೋದಳು. ದಾರ ಎರಡು ಸಲ ಜಾರಿತು. ಅಷ್ಟು ಹೊತ್ತು ಮುಖ ತಿರುಗಿಸಿ ಕೂತಿದ್ದ ಅಮ್ಮ ಎದ್ದು ಬಂದು, ಗಂಟಿನ ಮೇಲೆ ಬೆರಳಿಟ್ಟು ಹಿಡಿದುಕೊಂಡರು.