ಡೊಂಕು ನೆಲ

ನಮ್ಮ ಕಾಲೇಜಿನ ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ತಂಡಕ್ಕಾಗಿ ಒಂದು ಒಳಾಂಗಣ ಕ್ರೀಡಾಂಗಣ ಕಟ್ಟಿಸಿದ್ದಾರೆ. ಹೊರದೇಶದಿಂದ ತರಿಸಿದ ಮರದ ನೆಲ, ಗಾಜಿನ ಬೋರ್ಡು, ಅಂಕ ತೋರಿಸುವ ಕೆಂಪು ದೀಪ, ಯಾವುದಕ್ಕೂ ಕೊರತೆಯಿಲ್ಲ. ಅಲ್ಲಿ ಬಂಟರ ಮೆಹಂದಿ ನಡೆಯುತ್ತದೆ, ನಮ್ಮ ಕ್ರಿಶ್ಚಿಯನ್ನರ ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚುವ ರೋಸ್ ನಡೆಯುತ್ತದೆ, ಬ್ಯಾಂಕಿನವರ ಶಟಲ್ ಪಂದ್ಯ ನಡೆಯುತ್ತದೆ, ಹಲಸಿನ ಹಣ್ಣಿನ ಮೇಳವೂ ನಡೆದಿದೆ. ನಡೆಯದಿರುವುದು ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ಒಂದೇ.

ನಾನು ಹೆಲನ್ ಲಸ್ರಾದೊ, ಆ ತಂಡದ ಕೋಚ್. ಹುದ್ದೆಯ ಹೆಸರು ದೈಹಿಕ ಶಿಕ್ಷಣ ನಿರ್ದೇಶಕಿ. ನಾನು ನಿರ್ದೇಶಿಸಿದ್ದನ್ನು ಈ ಕಾಲೇಜಿನಲ್ಲಿ ಇದುವರೆಗೆ ಯಾರೂ ಕೇಳಿದ್ದಿಲ್ಲ, ಸೀಟಿ ಊದಿದ್ದನ್ನು ಮಾತ್ರ ಕದ್ರಿಯ ಬಸ್ ಸ್ಟಾಪಿನಲ್ಲಿ ನಿಂತವರೂ ಕೇಳಿದ್ದಾರೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಸಹೋದ್ಯೋಗಿಗಳು ಆಡಿಕೊಳ್ಳುತ್ತಾರೆ. ಇರಲಿ. ಮುಂದಿನದ್ದನ್ನು ಕೇಳಿದ ಮೇಲೆ ನಿಮ್ಮ ಮೂಗನ್ನೂ ಒಮ್ಮೆ ಮುಟ್ಟಿ ನೋಡಿಕೊಳ್ಳಿ.

ಕ್ರೀಡಾಂಗಣ ಕಟ್ಟಿಸಿಕೊಟ್ಟವರು ಮೂರು ಹೋಟೆಲುಗಳ ಯಜಮಾನರಾದ ನಿತ್ಯಾನಂದ ಅಡ್ಯಂತಾಯರು. ಕೆಟ್ಟವರು ಎಂದು ಹೇಳುವ ಹಾಗಿಲ್ಲ, ಒಳ್ಳೆಯವರು. ನನ್ನ ಕಷ್ಟವೇ ಅದು. ಕೆಟ್ಟವರಾಗಿದ್ದರೆ ಎರಡು ಮಾತಿನಲ್ಲಿ ಮುಗಿಸುತ್ತಿದ್ದೆ. ತೀರಿಹೋದ ತಾಯಿ ವಿನೋದಾ ಅವರ ಹೆಸರನ್ನು ಹಾಲ್‌ಗೆ ಇಟ್ಟು, ಉದ್ಘಾಟನೆಯ ದಿನ ಮೈಕಿನ ಮುಂದೆ ಕಣ್ಣೀರು ಹಾಕಿದರು. ಆ ತಾಯಿಗೂ ಚೆಂಡಿಗೂ ಇದ್ದ ನಂಟು ಇಷ್ಟೇ: ಪಕ್ಕದ ಮನೆಯ ಮಕ್ಕಳ ಚೆಂಡು ಅಂಗಳಕ್ಕೆ ಬಿದ್ದರೆ ಎತ್ತಿ ಅಟ್ಟಕ್ಕೆ ಹಾಕುತ್ತಿದ್ದರಂತೆ. ಮತ್ತೆ ಕೊಡುತ್ತಿರಲಿಲ್ಲವಂತೆ.

"ಈ ನೆಲ ನನಗೆ ಅಮ್ಮನ ಮಡಿಲು ಇದ್ದ ಹಾಗೆ. ಶೂ ಹಾಕಿ ತುಳೀಬಾರ್ದು," ಎಂದರು ಅಡ್ಯಂತಾಯರು ಅವತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಶೂ ಇಲ್ಲದೆ ಬಾಸ್ಕೆಟ್‌ಬಾಲ್ ಆಡುವುದು ಹೇಗೆ ಎಂದು ಯಾರಿಗೂ ಹೊಳೆಯಲಿಲ್ಲ. ಮೆಹಂದಿಯವರು ನೆಲದ ಮೇಲೆ ಕಾರ್ಪೆಟ್ ಹಾಸುತ್ತಾರೆ, ಹಾಗಾಗಿ ಅವರ ಚಪ್ಪಲಿಗೆ ದೋಷವಿಲ್ಲ. ಹೊರಗಿನ ಆಟಗಾರರು ಬಾಡಿಗೆ ಕೊಡುತ್ತಾರೆ, ಬಾಡಿಗೆ ಕೊಟ್ಟವರ ಕಾಲಿನ ಕಡೆ ಯಾರೂ ನೋಡುವುದಿಲ್ಲ. ಉಳಿದವರು ನಮ್ಮ ಮಕ್ಕಳು. ಅವರು ಕಾರ್ಪೆಟ್ಟನ್ನೂ ಹಾಸುವವರಲ್ಲ, ಬಾಡಿಗೆಯನ್ನೂ ಕೊಡುವವರಲ್ಲ. ಬಾಗಿಲಲ್ಲಿ ಕಾವಲಿಗೆ ಕೂತ ಹಸನಬ್ಬ ಅವರ ಶೂ ನೋಡಿದ ಕೂಡಲೇ ಎದ್ದು ನಿಲ್ಲುತ್ತಾನೆ.

ಹಾಗಾಗಿ ನಾವು ಕ್ಯಾಂಟೀನಿನ ಹಿಂದಿನ ಸಿಮೆಂಟ್ ಕೋರ್ಟಿನಲ್ಲೇ ಆಡಿಕೊಂಡಿದ್ದೆವು. ನಾನು ವಿದ್ಯಾರ್ಥಿನಿಯಾಗಿದ್ದಾಗ ಆಡಿದ್ದೂ ಅಲ್ಲೇ. ನೆಲ ಚರಂಡಿಯ ಕಡೆಗೆ ಇಳಿಜಾರು. ಯಾವುದೋ ವಾರ್ಷಿಕೋತ್ಸವಕ್ಕೆ ಚಪ್ಪರದ ಹಗ್ಗ ಕಟ್ಟಿದ ಮೇಲೆ ಒಂದು ಕಡೆಯ ರಿಂಗ್ ತಲೆ ತಗ್ಗಿಸಿ ನಿಂತಿದೆ. ಸಂಜೆಯಾದರೆ ಪಣಂಬೂರಿನ ಕಡಲ ಕಡೆಯಿಂದ ಗಾಳಿ ಬರುತ್ತದೆ, ಎಸೆದ ಚೆಂಡು ಎಸೆದ ಕಡೆಗೆ ಹೋಗುವುದಿಲ್ಲ. ನಮ್ಮ ನಜ್ಲಾ, ತಲೆಗೆ ಸ್ಕಾರ್ಫ್ ಬಿಗಿದು ಆಡುವ ಹುಡುಗಿ, ರಿಂಗಿಗೆ ಒಂದು ಮೊಳ ಆಚೆಗೆ ಗುರಿಯಿಟ್ಟು ಎಸೆಯಲು ಕಲಿತಳು. ಗಾಳಿ ಚೆಂಡನ್ನು ತಂದು ರಿಂಗಿಗೆ ಹಾಕುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮವರ ಕತೆ ಬೇರೆ, ನೆಲ ಡೊಂಕಿಲ್ಲದಿದ್ದರೆ ಅವರಿಗೆ ಕುಣಿಯಲು ಬರುವುದಿಲ್ಲ.

ಇಷ್ಟಾದರೂ ನಾನು ಸುಮ್ಮನಿದ್ದೆ. ಡಿಸೆಂಬರಿನಲ್ಲಿ ಪ್ರಿನ್ಸಿಪಾಲರು ಕರೆಸಿದರು. ಡಾಕ್ಟರ್ ಪೃಥ್ವಿರಾಜ್ ಎಂದರೆ ಸಾವಿನ ಸುದ್ದಿಯನ್ನೂ ಹುಟ್ಟುಹಬ್ಬದ ಶುಭಾಶಯದ ಹಾಗೆ ಹೇಳುವವರು.

"ನೋಡಿ ಮೇಡಂ, ಮೆಹಂದಿಗೆ ಬಂದವರ ಕಾರು ನಿಲ್ಸ್ಲಿಕ್ಕೆ ಜಾಗ ಇಲ್ಲ. ಓಣಿಯವರು ದಿನಾ ಜಗಳ ಮಾಡ್ತಾರೆ. ನಿಮ್ಮ ಆ ಸಿಮೆಂಟ್ ಜಾಗ ಉಂಟಲ್ಲ, ಅದನ್ನು ಪಾರ್ಕಿಂಗ್ ಮಾಡುವ ಅಂತ ಉಂಟು."

"ಮತ್ತೆ ನನ್ನ ಮಕ್ಕಳು ಎಲ್ಲಿ ಆಡುದು ಸರ್? ಕಾರಿನ ಟಾಪಿನ ಮೇಲಾ?"

"ಅವರಿಗೆ ಅಷ್ಟು ದೊಡ್ಡ ಸ್ಟೇಡಿಯಂ ಉಂಟಲ್ಲ ಮೇಡಂ!"

ನಾನು ಮೇಜು ಗುದ್ದಿದೆ. ಬೇಕಾದಷ್ಟು ಮಾತನಾಡಿದೆ. ಕೊನೆಗೆ ಅವರು ತಣ್ಣಗೆ ಒಂದು ಪ್ರಶ್ನೆ ಕೇಳಿದರು: ಆ ಕೋರ್ಟಿನಲ್ಲಿ ಆಡಿದವರು ಕಾಲೇಜಿಗೆ ಇದುವರೆಗೆ ಏನು ಗೆದ್ದುಕೊಟ್ಟಿದ್ದಾರೆ? ಹಾಳಾದ ಪ್ರಶ್ನೆ. ನಾವು ಅಂತರಕಾಲೇಜು ಪಂದ್ಯಾಟದ ಸೆಮಿಫೈನಲಿಗೆ ಹೋಗುತ್ತಿದ್ದೆವು, ಅಳುತ್ತಾ ಬಸ್ಸು ಹತ್ತುತ್ತಿದ್ದೆವು.

"ಈ ಸಲ ಫೈನಲ್ ನಮ್ಮ ಹಾಲ್‌ನಲ್ಲೇ. ಗೆದ್ದು ತೋರಿಸಿ. ಗೆದ್ರೆ ಆ ಜಾಗದಲ್ಲಿ ಒಂದೇ ಒಂದು ಕಾರು ನಿಲ್ಲುದಿಲ್ಲ. ಇದು ನನ್ನ ಮಾತು," ಎಂದರು.

ಮಕ್ಕಳಿಗೆ ಹೇಳಿದೆ. ಆ ಜಾಗ ಹೋದರೆ ತಂಡವೇ ಇಲ್ಲ ಎಂದು ನನಗೂ ಅವರಿಗೂ ಗೊತ್ತಿತ್ತು. ನಾಯಕಿ ಗ್ರೀಷ್ಮಾಳ ಅಪ್ಪ ಬಂದರಿನಲ್ಲಿ ಕ್ರೇನ್ ಓಡಿಸುತ್ತಾರೆ. ಅವಳು ಕತ್ತಲೆ ಇರುವಾಗಲೇ ಪಣಂಬೂರಿನಿಂದ ಬಸ್ಸು ಹಿಡಿದು ಬೆಳಗಿನ ಅಭ್ಯಾಸಕ್ಕೆ ಬರುತ್ತಿದ್ದವಳು. ಅವಳು ಬಗ್ಗಿ ಶೂ ಲೇಸನ್ನು ಮತ್ತೊಮ್ಮೆ ಬಿಗಿದಳು. ನಾನು ಎಲ್ಲರಿಗೂ ಬೈದು ಕೋರ್ಟಿನ ಸುತ್ತ ಓಡಿಸಿದೆ.

ಫೈನಲಿಗೆ ಬಂದೆವು. ಎದುರಾಳಿ ತಂಡದವರು ಬುದ್ಧಿವಂತರು. ಮರದ ನೆಲ ಅಭ್ಯಾಸವಾಗಲಿ ಎಂದು ಎರಡು ವಾರ ನಮ್ಮ ಹಾಲನ್ನೇ ಬಾಡಿಗೆಗೆ ಹಿಡಿದರು. ನಾವು ಕಿಟಕಿಯ ಗಾಜಿಗೆ ಮೂಗು ಒತ್ತಿ ನೋಡಿದೆವು.

"ಮಿಸ್, ನಮ್ಮ ಹೋಮ್ ಗ್ರೌಂಡಿನಲ್ಲಿ ನಾವೇ ಗೆಸ್ಟಾ?" ಎಂದಳು ಗ್ಲೆನಿಟಾ, ತಂಡದಲ್ಲೇ ಎತ್ತರದ ಹುಡುಗಿ.

"ಗೆಸ್ಟಿಗಾದ್ರೆ ಒಳಗೆ ಕರ್ದು ಜ್ಯೂಸ್ ಕೊಡ್ತಾರೆ ಮಾರಾಯ್ತಿ," ಎಂದೆ.

ಫೈನಲಿನ ದಿನ ನಮ್ಮ ಮಕ್ಕಳಿಗೆ ಶೂ ಹಾಕಿಕೊಂಡು ಒಳಗೆ ಬರಲು ವಿಶೇಷ ಅನುಮತಿ ಸಿಕ್ಕಿತು. ಒಬ್ಬೊಬ್ಬರೇ ಕಾಲೆತ್ತಿ ತೋರಿಸಬೇಕಿತ್ತು, ಹಸನಬ್ಬ ಒದ್ದೆ ಬಟ್ಟೆಯಲ್ಲಿ ಅಡಿ ಒರೆಸಿ ಒಳಗೆ ಬಿಡುತ್ತಿದ್ದ. ಆಮೇಲೆ ಸಭಾ ಕಾರ್ಯಕ್ರಮ. ನಮ್ಮ ಊರಿನಲ್ಲಿ ಸಭೆಯಿಲ್ಲದೆ ಆಟ ಶುರುವಾಗುವುದುಂಟೇ? ಪ್ರಾರ್ಥನೆ, ಸ್ವಾಗತ, ಪ್ರಸ್ತಾವನೆ, ಶಾಲು, ಪೇಟ, ಹಣ್ಣಿನ ಬುಟ್ಟಿ. ಬೆವರಿಳಿಸಿ ಮೈ ಬಿಸಿ ಮಾಡಿಕೊಂಡಿದ್ದ ಹುಡುಗಿಯರು ಬೆಂಚಿನಲ್ಲಿ ಕೂತು ತಣ್ಣಗಾದರು.

ದೀಪ ಬೆಳಗಿಸುವುದು ಎಂದಿನಂತೆ ವೇದಿಕೆಯಲ್ಲಿ ಬೇಡ, ನೆಲದ ನಟ್ಟನಡುವೆಯೇ ಆಗಬೇಕು ಎಂದರು ಅಡ್ಯಂತಾಯರು. ಅಮ್ಮನ ಮಡಿಲಲ್ಲಿ ದೀಪ. ಆಳೆತ್ತರದ ಹಿತ್ತಾಳೆಯ ದೀಪ ಬಂತು. ಕಾಲೇಜು ಟ್ರಸ್ಟಿನ ಕಾರ್ಯದರ್ಶಿ ಆಶಾಲತಾ ಮೇಡಂ ಕೈ ಬಿಗಿ ಹಿಡಿಯದೆ ತೆಂಗಿನೆಣ್ಣೆ ಸುರಿದರು. ಗಣ್ಯರೆಲ್ಲ ಒಂದೊಂದು ಬತ್ತಿ ಹಚ್ಚಿ ಫೋಟೋಕ್ಕೆ ನಿಂತರು. ಮುಗಿದ ಮೇಲೆ ದೀಪವನ್ನು ಇಬ್ಬರು ಎತ್ತಿದರು. ಒಬ್ಬ ಉದ್ದ, ಒಬ್ಬ ಗಿಡ್ಡ. ದೀಪ ವಾಲಿತು. ನಡುವಿನ ವೃತ್ತದಿಂದ ಬಾಗಿಲಿನವರೆಗೆ ಎಣ್ಣೆ ದಾರಿಯುದ್ದಕ್ಕೂ ಚೆಲ್ಲುತ್ತಾ ಹೋಯಿತು.

"ಏನಿಲ್ಲ, ಏನಿಲ್ಲ, ಒರೆಸಿದ್ರೆ ಆಯ್ತು," ಎಂದರು ಆಶಾಲತಾ ಮೇಡಂ. ಎಣ್ಣೆಯನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಹರಡುತ್ತದೆಯೇ ಹೊರತು ಹೋಗುವುದಿಲ್ಲ ಎಂದು ಅಡುಗೆಮನೆ ಕಂಡವರಿಗೆಲ್ಲ ಗೊತ್ತು. ಹಸನಬ್ಬ ಶ್ರದ್ಧೆಯಿಂದ ಇಡೀ ಹಾಲ್‌ಗೆ ಒರೆಸಿದ. ನೆಲ ಕನ್ನಡಿಯಂತೆ ಹೊಳೆಯಿತು. ಅಡ್ಯಂತಾಯರಿಗೆ ಸಂತೋಷವಾಯಿತು.

ಪಂದ್ಯ ಶುರುವಾಯಿತು. ನಜ್ಲಾಳ ಚೆಂಡುಗಳು ಒಂದರ ಹಿಂದೊಂದು ರಿಂಗಿನಿಂದ ಒಂದು ಮೊಳ ಆಚೆಗೆ ಹೋಗಿ ಬಿದ್ದವು. ಹಾಲ್‌ನಲ್ಲಿ ಗಾಳಿ ಎಲ್ಲಿಂದ ಬರಬೇಕು? ಕೈ ಕಲಿತದ್ದನ್ನು ಬಿಡಲೊಲ್ಲದು. ಚೆಂಡು ಚರಂಡಿಯ ಕಡೆ ಜಾರುತ್ತದೆ ಎಂದು ಗ್ಲೆನಿಟಾ ಮೊದಲೇ ಅತ್ತ ಓಡಿ ನಿಲ್ಲುತ್ತಿದ್ದಳು. ಚೆಂಡು ನೆಟ್ಟಗೆ ಎದುರಾಳಿಯ ಕೈ ಸೇರುತ್ತಿತ್ತು. ಅರ್ಧ ಆಟ ಮುಗಿಯುವ ಹೊತ್ತಿಗೆ ಅವರ ಅಂಕ ನಮ್ಮದರ ದುಪ್ಪಟ್ಟಾಗಿತ್ತು. ನನ್ನ ಕಣ್ಣಿಗೆ ಆಗಲೇ ಸಿಮೆಂಟಿನ ಮೇಲೆ ಸಾಲಾಗಿ ನಿಂತ ಕಾರುಗಳು ಕಾಣತೊಡಗಿದವು.

ಅಷ್ಟರಲ್ಲಿ ಅವರ ನಾಯಕಿ ಜಾರಿ ಬಿದ್ದಳು. ಅವಳನ್ನು ಎಬ್ಬಿಸಲು ಹೋದ ಗ್ರೀಷ್ಮಾ ಜಾರಿದಳು. ಏನಾಯಿತು ಎಂದು ನೋಡಲು ಬಂದ ರೆಫರಿ ರೂಬನ್ ಎರಡೂ ಕಾಲು ಮೇಲೆ ಮಾಡಿ ಬಿದ್ದರು. ಬಿದ್ದಲ್ಲಿಂದಲೇ ನೆಲಕ್ಕೆ ಬೆರಳು ತಾಗಿಸಿ ಮೂಸಿದರು.

"ಇಲ್ಲಿ ಬಾಸ್ಕೆಟ್‌ಬಾಲ್ ಆಗುದಿಲ್ಲ. ಬೇಕಾದ್ರೆ ಮೀನು ಫ್ರೈ ಮಾಡ್ಬಹುದು," ಎಂದರು. "ಉಳಿದ ಅರ್ಧ ಇವತ್ತೇ ಮುಗಿಸ್ಬೇಕು. ಹತ್ತಿರ ಬೇರೆ ಕೋರ್ಟ್ ಉಂಟಾ?"

ಪ್ರಿನ್ಸಿಪಾಲರು ಬಾಯಿ ತೆರೆಯುವ ಮೊದಲೇ ನಾನು, "ಉಂಟು! ಕ್ಯಾಂಟೀನಿನ ಹಿಂದೆ!" ಎಂದು ಕೂಗಿದೆ. ಗೆಲುವು ಕಿಸೆಯಲ್ಲೇ ಇದೆ ಎಂದುಕೊಂಡಿದ್ದ ಎದುರಾಳಿ ಕೋಚ್, ಎಲ್ಲಾದರೂ ಸರಿ ಎಂದುಬಿಟ್ಟರು.

ಪೇಟ ತೊಟ್ಟ ಗಣ್ಯರೆಲ್ಲ ಹಣ್ಣಿನ ಬುಟ್ಟಿ ಹಿಡಿದುಕೊಂಡು ಕ್ಯಾಂಟೀನಿನ ಹಿಂದೆ ಬಂದು ಇಳಿಹೊತ್ತಿನ ಬಿಸಿಲಲ್ಲಿ ನಿಂತರು. ಗಾಳಿ ಎದ್ದಿತ್ತು. ಆ ಗಾಳಿಗೆ ನಾನು ಮನಸ್ಸಿನಲ್ಲೇ ಒಂದು ಮೇಣದಬತ್ತಿ ಹರಕೆ ಹೊತ್ತೆ. ಎದುರಾಳಿಗಳು ಎಸೆದ ಚೆಂಡು ಕ್ಯಾಂಟೀನಿನ ಶೀಟಿನ ಮೇಲೆ ಧಡ್ಡನೆ ಬಿತ್ತು. ಪುಟಿಸಿದ ಚೆಂಡು ಅವರನ್ನು ಬಿಟ್ಟು ಚರಂಡಿಯ ಕಡೆ ಹೊರಟಿತು, ಅಲ್ಲಿ ಗ್ಲೆನಿಟಾ ಕಾಯುತ್ತಿದ್ದಳು. ತಲೆ ತಗ್ಗಿಸಿದ ರಿಂಗ್ ಅವರಿಗೆ ಒಂದು ಅಂಕವನ್ನೂ ಸುಲಭದಲ್ಲಿ ಬಿಟ್ಟುಕೊಡಲಿಲ್ಲ. ಅಂತರ ಕರಗುತ್ತಾ ಬಂತು. ಕೊನೆಯ ಗಳಿಗೆಯಲ್ಲಿ ನಾವು ಒಂದೇ ಅಂಕ ಹಿಂದಿದ್ದೆವು. ಗ್ರೀಷ್ಮಾ ಚೆಂಡನ್ನು ನಜ್ಲಾಳಿಗೆ ಕೊಟ್ಟಳು. ನಜ್ಲಾ ರಿಂಗ್ ಬಿಟ್ಟು ಕ್ಯಾಂಟೀನಿನ ಚಿಮಣಿಗೆ ಗುರಿಯಿಟ್ಟು ಎಸೆದಳು. ಎದುರಾಳಿಗಳು ನಕ್ಕರು. ಗಾಳಿ ಚೆಂಡನ್ನು ತಿರುಗಿಸಿ ತಂದು ಒಳಗೆ ಹಾಕಿತು.

ನಾನು ಅತ್ತೆ. ನಾಚಿಕೆಯಿಲ್ಲದೆ, ಮಕ್ಕಳ ಮುಂದೆಯೇ, ಸೀಟಿ ಬಾಯಲ್ಲಿ ಇರುವಾಗಲೇ ಅತ್ತೆ. ಪ್ರತಿ ಬಿಕ್ಕಿಗೂ ಅದು ಕುಯ್ ಎನ್ನುತ್ತಿತ್ತು.

ಅಡ್ಯಂತಾಯರೂ ಅತ್ತರು. ಬಿಳಿ ಮುಂಡು ಎತ್ತಿಕಟ್ಟಿ ಕೋರ್ಟಿನ ನಡುವಿಗೆ ಬಂದು, ಸಿಮೆಂಟನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. "ಈ ನೆಲ ಇನ್ನು ಬರೀ ನೆಲ ಅಲ್ಲ. ಪುಣ್ಯಭೂಮಿ! ಇದನ್ನು ಮುಟ್ಲಿಕ್ಕೆ ನಾನು ಯಾರಿಗೂ ಬಿಡುದಿಲ್ಲ. ಹೆಲನ್ ಟೀಚರ್, ನಿಮ್ಗೆ ಮಾತು ಕೊಡ್ತೇನೆ," ಎಂದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನೇ. ಪೆದ್ದಿ.

ಪರೀಕ್ಷೆ, ರಜೆ ಎಲ್ಲ ಮುಗಿದು ಮೊದಲ ಅಭ್ಯಾಸಕ್ಕೆ ಬೆಳಿಗ್ಗೆ ಬಂದೆವು. ಸಿಮೆಂಟ್ ಕೋರ್ಟಿನ ಸುತ್ತ ಆಳೆತ್ತರದ ಕಬ್ಬಿಣದ ಬೇಲಿ ಎದ್ದಿತ್ತು. ಗೇಟಿನ ಪಕ್ಕ ಕಪ್ಪು ಶಿಲೆಯಲ್ಲಿ ಗೆಲುವಿನ ವಿವರ, ಅದರ ಕೆಳಗೆ ದಾನಿಗಳ ಹೆಸರು. ಡೊಂಕು ರಿಂಗಿಗೆ ಬಂಗಾರದ ಬಣ್ಣ ಬಳಿದಿದ್ದರು. ನಜ್ಲಾ ಎಸೆದ ಚೆಂಡು ಗಾಜಿನ ಪೆಟ್ಟಿಗೆಯಲ್ಲಿ ಕೂತಿತ್ತು. ಗೇಟಿಗೆ ಬೀಗ. ಬೀಗದ ಪಕ್ಕ ಕುರ್ಚಿ. ಕುರ್ಚಿಯಲ್ಲಿ ಹಸನಬ್ಬ.

"ಶೂ ಹಾಕಿ ಆಗುದಿಲ್ಲ ಮೇಡಂ," ಎಂದ ಅವನು ಎದ್ದು ನಿಂತು. "ಬರಿಗಾಲಲ್ಲಾದ್ರೂ ಚೆಂಡು ತರ್ಬಾರ್ದು. ನೋಡಿ ಕೈಮುಗ್ದು ಬರ್ಬಹುದು."

ನಾನು ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದೆ. ಅವರು ಕಿಟಕಿಯ ಪರದೆ ಸರಿಸಿ, ಹೆಮ್ಮೆಯಿಂದ ಕೆಳಗೆ ತೋರಿಸಿದರು.

"ನೋಡಿ ಮೇಡಂ. ಒಂದಾದ್ರೂ ಕಾರು ಉಂಟಾ? ನಾನು ಮಾತು ಕೊಟ್ರೆ ಕೊಟ್ಟದ್ದೇ."

"ಮಕ್ಕಳು ಎಲ್ಲಿ ಆಡುದು ಸರ್?"

"ಎರಡೆರಡು ಹೋಮ್ ಗ್ರೌಂಡ್ ಇರುವ ಬೇರೆ ಕಾಲೇಜು ಈ ಊರಿನಲ್ಲಿ ಎಲ್ಲುಂಟು, ಹೇಳಿ ನೋಡುವ?"

ನಾನು ಬಾಗಿಲು ದಡಾರನೆ ಎಳೆದುಕೊಂಡೆ. ಕೆಳಗಿಳಿದು ಬಂದೆ. ಮಕ್ಕಳು ಬೇಲಿ ಹಿಡಿದುಕೊಂಡು ಹಾಗೆಯೇ ನಿಂತಿದ್ದರು. ಗ್ರೀಷ್ಮಾ ಚೆಂಡನ್ನು ಸೊಂಟಕ್ಕೆ ಒತ್ತಿ ಹಿಡಿದು ಬಂಗಾರದ ರಿಂಗನ್ನೇ ನೋಡುತ್ತಿದ್ದಳು.

"ಮಿಸ್," ಎಂದಳು, "ಮೆಹಂದಿ ಇರುದು ರಾತ್ರಿ ಅಲ್ವಾ?"

"ಹೌದು. ಅದಕ್ಕೆ ಈಗ ಎಂತ?"

"ಅಲ್ಲ, ನಾವು ಅವತ್ತು ಸೋತಿದ್ರೆ ಇಲ್ಲಿ ಪಾರ್ಕಿಂಗ್ ಆಗ್ತಿತ್ತು. ಕಾರು ಬರುದು ರಾತ್ರಿ. ಬೆಳಿಗ್ಗೆ ಇಡೀ ಜಾಗ ಖಾಲಿ ಇರ್ತಿತ್ತು ಮಿಸ್. ನಾವು ಆಡ್ಬಹುದಿತ್ತು."

ಅವಳು ನನ್ನನ್ನು ದೂರುತ್ತಿರಲಿಲ್ಲ. ಸುಮ್ಮನೆ ಯೋಚನೆ ಮಾಡಿ ಹೇಳಿದ್ದಳು. ಹಸನಬ್ಬ ಬಟ್ಟೆ ತೆಗೆದು ಬೀಗಕ್ಕೆ ಕೂತ ಧೂಳು ಒರೆಸುತ್ತಿದ್ದ. ನಾನು ಕುತ್ತಿಗೆಯಿಂದ ಸೀಟಿ ತೆಗೆದು ಬ್ಯಾಗಿಗೆ ಹಾಕಿದೆ.