ಜೇಬಿನ ಹಸಿರು ಕಾರ್ಡು

ಬೋರ್ಡಿನ ಗಡಿಯಾರದಲ್ಲಿ ಒಂದು ನಿಮಿಷ ಐವತ್ತು ಸೆಕೆಂಡು ಉಳಿದಿತ್ತು. ಗೋಲು ಎರಡಕ್ಕೆ ಎರಡು. ಟರ್ಫಿನ ಬಲೆಯ ಹೊರಗಿನಿಂದ ಅಹ್ಮದ್ ಬಾವ ಮೂರನೇ ಸಲ ಕರೆದರು.

"ಕಾರ್ಡ್ ತೆಗಿ ಮಾರಾಯ. ಕಾವೂರಲ್ಲಿ ಕಾವಿಗೆ ಕೂರಿಸಿದ್ದಾ ಅದನ್ನು?"

ಕಾರ್ಡು ಕೋಚ್ ದೀಪೇಶನ ಪ್ಯಾಂಟಿನ ಜೇಬಿನಲ್ಲಿತ್ತು. ಐದೈದು ಜನರ ಈ ಫುಟ್‌ಬಾಲಿನಲ್ಲಿ ಅರ್ಧ ಆಟಕ್ಕೆ ಒಂದೇ ಟೈಮ್ ಔಟ್. ಕೋಚ್ ಹಸಿರು ಕಾರ್ಡನ್ನು ಟೈಮಿನವರ ಮೇಜಿಗೆ ಕೊಟ್ಟರೆ ಆಟ ಒಂದು ನಿಮಿಷ ನಿಲ್ಲುತ್ತದೆ. ಕಳೆದ ಮೂರು ಫೈನಲುಗಳಲ್ಲಿ ದೀಪೇಶ ಅದನ್ನು ಕೊಟ್ಟಿರಲಿಲ್ಲ. ಮೂರರಲ್ಲೂ ಅವನ ಕಾವೂರಿನ ಹುಡುಗಿಯರು ಒಂದೊಂದು ಗೋಲಿನಿಂದ ಸೋತಿದ್ದರು. ಜರ್ಸಿಯಿಂದ ಬೂಟಿನವರೆಗೆ ಎಲ್ಲ ಕೊಡಿಸುವ ಅಹ್ಮದ್ ಬಾವ, ಎಲ್ಲರ ಬಾವಾಕ, ನಿನ್ನೆ ತಮ್ಮ ಚಪ್ಪಲಿ ಅಂಗಡಿಯಲ್ಲಿ ಅವನನ್ನು ಕೂರಿಸಿ ಹೇಳಿದ್ದರು: "ಈ ಸಲವೂ ಕಾರ್ಡ್ ಜೇಬಲ್ಲೇ ಉಳಿದರೆ ನೀನು ಮನೆಯಲ್ಲೇ ಉಳಿ."

ವಾರದ ಆರು ದಿನ ಅತ್ತಾವರದ ಒಂದು ಲ್ಯಾಬಿನಲ್ಲಿ ರಕ್ತದ ಬಾಟಲಿಗಳಿಗೆ ಲೇಬಲ್ ಅಂಟಿಸುವುದು ಅವನ ಕೆಲಸ. ಅಲ್ಲಿ ಅವನನ್ನು 'ಏ ಲೇಬಲ್' ಎಂದು ಕರೆಯುತ್ತಿದ್ದರು. ಭಾನುವಾರ ಇಲ್ಲಿ ಹತ್ತು ಹುಡುಗಿಯರು ಸರ್ ಎನ್ನುತ್ತಿದ್ದರು.

ಎದುರು ತಂಡದ ಗೋಲ್‌ಕೀಪರ್ ಮುಫೀದಾ ಕಂಬ ಹಿಡಿದು ನಿಂತಿದ್ದಳು. ಎಡ ಮೀನಖಂಡ ಸೆಟೆದು ಕಾಲು ಊರಲಾಗುತ್ತಿರಲಿಲ್ಲ. ಅವರ ಟೈಮ್ ಔಟ್ ಆಗಲೇ ಮುಗಿದಿತ್ತು, ಬದಲಿ ಕೀಪರ್ ಇರಲಿಲ್ಲ. ಚೆಂಡು ಗೆರೆ ದಾಟಿತು. ಒದೆಯುವ ಸರದಿ ಕಾವೂರಿನವರದು. ಕ್ಯಾಪ್ಟನ್ ನಿರೀಕ್ಷಾ ಚೆಂಡಿಗಾಗಿ ಓಡಿ ಬಂದಳು.

"ಸರ್, ಈಗ ಬೇಡ. ಅವಳ ಕಾಲು ಹೋಗಿ ಉಂಟು. ಮೋಕ್ಷಾ ಒಂದು ಹೊಡೆದರೆ ಮುಗೀತು."

"ಗೊತ್ತುಂಟು," ಎಂದ ದೀಪೇಶ. ಎಂದವನು ಮೇಜಿನ ಕಡೆ ನಡೆದ.

ಗಡಿಯಾರ ನೋಡಿಕೊಳ್ಳುತ್ತಿದ್ದ ಮಟಿಲ್ಡಾ ಟೀಚರ್ ಕಾರ್ಡನ್ನು ತಿರುಗಿಸಿ ನೋಡಿದರು. "ಹೌದಾ ದೀಪೇಶ್? ನಿಜವಾಗಿ?"

"ಹೌದು ಟೀಚರ್."

ಬಜರ್ ಕೂಗಿತು. ಬಲೆಯಾಚೆ ಬಾವಾಕ ಚಪ್ಪಾಳೆ ತಟ್ಟಿದರು.

ಮುಫೀದಾ ಅಲ್ಲೇ ಮಲಗಿದಳು. ಒಬ್ಬಳು ಅವಳ ಪಾದವನ್ನು ಹಿಡಿದು ಮೇಲಕ್ಕೆ ಒತ್ತಿದಳು, ಇನ್ನೊಬ್ಬಳು ಸ್ಪ್ರೇ ಹೊಡೆದಳು. ದೀಪೇಶನ ಸುತ್ತ ಅವನ ಹುಡುಗಿಯರು ಬಂದು ನಿಂತರು.

"ನೀರು ಕುಡೀರಿ," ಎಂದ.

ಕುಡಿದರು. ಬಾಟಲಿಗಳ ಮುಚ್ಚಳ ತಿರುಗಿಸಿದರು. ಟೈಮ್ ಔಟ್ ಮುಗಿಯಲು ಇನ್ನೂ ನಲವತ್ತು ಸೆಕೆಂಡು ಇತ್ತು.

"ಎಂತ ಮಾಡುದು ಸರ್?" ಮೋಕ್ಷಾ ಕೇಳಿದಳು.

"ಹೀಗೇ ಆಡಿ."

ನಿರೀಕ್ಷಾ ಅವನ ಕಡೆ ತಿರುಗಲಿಲ್ಲ. ಮುಫೀದಾ ಎದ್ದು, ಒಮ್ಮೆ ಹಾರಿ, ಮತ್ತೊಮ್ಮೆ ಹಾರಿ ನೋಡುವುದನ್ನು ನೋಡುತ್ತಿದ್ದಳು.

ಆಟ ಶುರುವಾಯಿತು. ಮೋಕ್ಷಾ ಚೆನ್ನಾಗಿಯೇ ಹೊಡೆದಳು, ಕೆಳಗೆ, ಮೂಲೆಗೆ. ಮುಫೀದಾ ಅದನ್ನು ಎಡಗಾಲಲ್ಲೇ ತಡೆದು, ಎದ್ದು, ಚೆಂಡನ್ನು ಉದ್ದಕ್ಕೆ ಎಸೆದಳು. ಅಲ್ಲಿ ಕಾವೂರಿನವರು ಯಾರೂ ಇರಲಿಲ್ಲ; ಮುಫೀದಾಳ ತಂಡದವಳೊಬ್ಬಳು ಅದನ್ನು ಗೋಲಿಗೆ ತಳ್ಳಿದಳು. ಮೂರಕ್ಕೆ ಎರಡು. ದೀಪೇಶ ಕೈ ಕಟ್ಟಿ ನಿಂತೇ ಇದ್ದ. ಲ್ಯಾಬಿನಲ್ಲಿ ಒಂದು ಬಾಟಲಿ ಮುಗಿದು ಇನ್ನೊಂದು ಬಂದ ಹಾಗೆ ಬಜರ್ ಬಂತು.

ಬಾವಾಕ ಒಳಗೆ ಬಂದು ಅವನ ಬೆನ್ನು ತಟ್ಟಿದರು. "ಸೋಲು ಬಿಡು. ಅದು ಬರ್ತದೆ, ಹೋಗ್ತದೆ. ಕಾರ್ಡ್ ಕೊಟ್ಟಿಯಲ್ಲ, ನನಗೆ ಅದು ಸಾಕು. ಬರುವ ವರ್ಷವೂ ನೀನೇ."

"ಆಯ್ತು ಬಾವಾಕ."

ಹುಡುಗಿಯರು ಬೂಟು ಬಿಚ್ಚಿ ಚೀಲಕ್ಕೆ ತುಂಬಿಸಿದರು. ನಿರೀಕ್ಷಾ ತೋಳಿನ ಕ್ಯಾಪ್ಟನ್ ಪಟ್ಟಿ ಕಳಚಿ ಬೆಂಚಿನ ಮೇಲೆ ಇಟ್ಟಳು. ಪ್ರತಿ ಭಾನುವಾರ 'ಬರ್ತೇನೆ ಸರ್' ಎನ್ನುವವಳು ಅವಳು.

"ಹೋಗ್ತೇನೆ ದೀಪೇಶಣ್ಣ," ಎಂದಳು.

ಉಳಿದವರು ಅವಳ ಹಿಂದೆ ನಡೆದರು. ಮುಂದಿನ ಬುಕ್ಕಿಂಗಿನವರು ಗೇಟಿನ ಬಳಿ ಕಾಯುತ್ತಿದ್ದರು. ಮಟಿಲ್ಡಾ ಟೀಚರ್ ಕಾರ್ಡನ್ನು ವಾಪಸು ಕೊಟ್ಟರು. ಅವನು ಅದನ್ನು ಅದೇ ಜೇಬಿಗೆ ಹಾಕಿಕೊಂಡು ಬೆಂಚಿನ ಮೇಲೆ, ಪಟ್ಟಿಯ ಪಕ್ಕ ಕುಳಿತ. ಬೋರ್ಡಿನಲ್ಲಿ ಸೊನ್ನೆಗಳು ಅಳಿದು ಇಪ್ಪತ್ತು ನಿಮಿಷ ಬಂತು. ಅದನ್ನು ಇನ್ನೂ ಯಾರೂ ಓಡಿಸಿರಲಿಲ್ಲ.