ಟೋಪಿ ಅತ್ತೆಯ ಟೋಪಿ ನಂಬರ್

ನಮ್ಮತ್ತೆ ಅಂಗಡಿಯಲ್ಲಿ ಕೂತು ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿದ್ದಾಗಲೇ ಅವರೇ ಆಸ್ಪತ್ರೆ ಸೇರಿರುವ ಸುದ್ದಿ ಬಂತು. ಸುದ್ದಿ ತಂದವರು ಮೂಲೆಮನೆಯ ಪಿಟೀಲು ಮೇಷ್ಟ್ರು. ಏದುಸಿರು ಬಿಡುತ್ತಾ ಓಡಿ ಬಂದವರು ಅತ್ತೆಯನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟರು.

"ನೀವು ಐಸಿಯುನಲ್ಲಿ ಇಲ್ವಾ?"

"ಇದ್ದಿದ್ರೆ ಚಹಾ ಕುಡಿಯೋಕೆ ಬಿಡ್ತಿದ್ರಾ ಮೇಷ್ಟ್ರೇ? ಬನ್ನಿ, ನಿಮಗೂ ಒಂದು ಲೋಟ ಹಾಕ್ತೀನಿ."

ಮೇಷ್ಟ್ರು ನಗಲಿಲ್ಲ. ತಮ್ಮ ಫೋನನ್ನು ಮುಂದೆ ಹಿಡಿದರು. ಅತ್ತೆಯ ಅಕೌಂಟಿನಿಂದಲೇ, ಅತ್ತೆಯ ನಗುಮುಖದ ಫೋಟೋ ಸಮೇತ, ಮೆಸೇಜ್ ಬಂದಿತ್ತು. "ಆಸ್ಪತ್ರೆಯಲ್ಲಿದ್ದೇನೆ. ಪರಿಸ್ಥಿತಿ ಗಂಭೀರ. ಮಾತಾಡಲು ಆಗುವುದಿಲ್ಲ, ಫೋನ್ ಮಾಡಬೇಡಿ. ಈ ನಂಬರಿಗೆ ಕೂಡಲೇ ಹಣ ಹಾಕಿ."

ನಮ್ಮದು ಒಂದೇ ಅಂಗಡಿ, ಎರಡು ಕಸುಬು. ಬಾಗಿಲಿನ ಬಲಕ್ಕೆ ಮಾವ ಬೀಗ ರಿಪೇರಿ ಮಾಡುತ್ತಾರೆ, ಕಳೆದ ಕೀಗೆ ಹೊಸ ಕೀ ಮಾಡಿಕೊಡುತ್ತಾರೆ. ಎಡಕ್ಕೆ ಅತ್ತೆ ಉಣ್ಣೆಯ ಟೋಪಿ ಹೆಣೆಯುತ್ತಾರೆ. ಹೆಣೆದ ಪ್ರತಿ ಟೋಪಿಗೂ ಒಂದು ನಂಬರ್ ಕೊಟ್ಟು, ಫೋಟೋ ತೆಗೆದು, ಸೋಷಿಯಲ್ ಮೀಡಿಯಾದ ತಮ್ಮ ಪೇಜಿಗೆ ಹಾಕುತ್ತಾರೆ. ಬೇಕಾದವರು ಟೋಪಿ ನಂಬರ್ ಹೇಳಿ ತರಿಸಿಕೊಳ್ಳುತ್ತಾರೆ. ಹೀಗಾಗಿ ಊರಿಗೆಲ್ಲ ಅವರು ಟೋಪಿ ಅತ್ತೆ. ನಾನು ಅವರ ಸೊಸೆ. ಲೈಬ್ರರಿಯಲ್ಲಿ ಕೆಲಸ. ಓದಲು ಬಂದವರಿಗೆ ಫೋನು, ಕಂಪ್ಯೂಟರ್ ಹೇಳಿಕೊಡುವುದೂ ನನ್ನ ತಲೆಗೇ ಬಂದಿದೆ. ಊರಿಗೆಲ್ಲ ಪಾಠ ಹೇಳುತ್ತೇನೆ, ಮನೆಯಲ್ಲಿ ಮಾತ್ರ ನನ್ನ ಮಾತು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಅತ್ತೆ ತಮ್ಮ ಫೋನಿನಲ್ಲಿ ಪೇಜ್ ತೆರೆಯಲು ಹೋದರು. ಪಾಸ್‌ವರ್ಡ್ ತಪ್ಪು ಎಂದಿತು. ಮತ್ತೆ ಹೊಡೆದರು. ಮತ್ತೆ ತಪ್ಪು.

"ಅತ್ತೆ, ಬೆಳಿಗ್ಗೆ ಯಾರಿಗಾದ್ರೂ ಏನಾದ್ರೂ ನಂಬರ್ ಹೇಳಿದ್ರಾ?" ಎಂದೆ.

"ಹೇಳ್ದೆ ಕಣೇ. ಯಾರೋ ಗಿರಾಕಿ ಫೋನ್ ಮಾಡಿದ್ದ. 'ನಿಮ್ಮ ಫೋನಿಗೆ ಒಂದು ನಂಬರ್ ಬಂದಿದೆ, ಆ ಟೋಪಿ ನಂಬರ್ ಹೇಳಿ' ಅಂದ. ನೋಡಿದ್ರೆ ಬಂದಿತ್ತು, ಓದಿ ಹೇಳ್ದೆ. ಅಷ್ಟುದ್ದ ನಂಬರಿನ ಟೋಪಿ ನಾನು ಯಾವಾಗ ಹೆಣೆದೆ ಅಂತ ಆಗಿನಿಂದ ಯೋಚನೆ ಮಾಡ್ತಾನೇ ಇದ್ದೀನಿ."

"ಅವನು ಕೇಳಿದ್ದು ಟೋಪಿ ಅಲ್ಲ ಅತ್ತೆ, ಓಟಿಪಿ! ಪಾಸ್‌ವರ್ಡ್ ಬದಲಾಯಿಸೋಕೆ ಪೇಜಿನ ಕಂಪನಿಯವರು ಕಳಿಸೋ ಗುಟ್ಟಿನ ನಂಬರ್ ಅದು. ಅದು ಅವನ ಕೈಗೆ ಸಿಕ್ಕಿತು, ಪೇಜೂ ಸಿಕ್ಕಿತು."

ಅತ್ತೆ ಮಾವನ ಕಡೆ ತಿರುಗಿದರು. "ನಿಮ್ಮ ಕೀ ಮಷಿನ್ ಕಿರ್ರೋ ಅಂತಿತ್ತಲ್ರೀ, ನನಗೆ ಆ 'ಓ' ಕೇಳಿಸ್ಲೇ ಇಲ್ಲ!"

ಪಿಟೀಲು ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಟೋಪಿ ಹೆಣೆಯೋರಿಗೇ ಟೋಪಿ ಹಾಕಿಬಿಟ್ನಲ್ಲ!"

ಮೊದಲು ನಕ್ಕವರು ಅತ್ತೆಯೇ. ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಿದ್ದವರು ಥಟ್ಟನೆ ನಿಲ್ಲಿಸಿದರು.

"ಅಯ್ಯೋ, ನನ್ನ ತಂಗಿ!"

ಅತ್ತೆಯ ತಂಗಿ ಬೇರೆ ಊರಿನಲ್ಲಿದ್ದಾರೆ. ಒಬ್ಬರೇ. ಅಕ್ಕ ಎಂದರೆ ಪ್ರಾಣ. ಅಕ್ಕನಿಗೆ ನೆಗಡಿ ಎಂದರೂ ಬಸ್ಸು ಹತ್ತುವವರು. ಈ ಮೆಸೇಜ್ ನೋಡಿದರೆ ಮೈಮೇಲಿನ ಚಿನ್ನವನ್ನೂ ಬಿಚ್ಚಿಕೊಡುತ್ತಾರೆ. ನಾನು ಫೋನ್ ಹಚ್ಚಿದೆ. ಎಂಗೇಜ್. ಮತ್ತೆ ಹಚ್ಚಿದೆ. ಮತ್ತೂ ಎಂಗೇಜ್.

"ಅದಕ್ಕೇ ಹೇಳಿದ್ದು ಈ ಫೋನಿನ ಸಹವಾಸ ಬೇಡ ಅಂತ," ಮಾವ ಗೊಣಗಿದರು. "ಹೋದ್ರೆ ಹೋಗ್ಲಿ, ಹೊಸ ಪೇಜ್ ಮಾಡ್ಕೋ. ತಂಗಿ ಫೋನ್ ಸಿಕ್ಕಾಗ ಹೇಳು. ಊರಿಗೆಲ್ಲ ಡಂಗುರ ಹೊಡೀಬೇಡ. ಆಡ್ಕೊಂಡು ನಗ್ತಾರೆ."

"ಹಳೇ ಪೇಜ್ ಸುಮ್ಮನಿರುತ್ತಾ ಮಾವ? ಅತ್ತೆ ಮುಖ ಇಟ್ಕೊಂಡು ಅವನು ಕಂಡಕಂಡೋರ ಹತ್ರ ಬೇಡ್ತಾನೇ ಇರ್ತಾನೆ."

ಅತ್ತೆ ಎದ್ದು ನಿಂತರು. "ನಗ್ಲಿ ಬಿಡ್ರಿ. ಅವರು ನಕ್ಕರೆ ನನಗೇನು ಸವೆಯುತ್ತೆ? ಏ ಮಗಳೇ, ನಿನ್ನ ಫೋನಲ್ಲಿ ನನ್ನ ವಿಡಿಯೋ ಹಿಡಿ."

ಹಿಡಿದೆ. ಅತ್ತೆ ಸೆರಗು ಸರಿಮಾಡಿಕೊಂಡು ಶುರುಮಾಡಿದರು.

"ನಾನು ಟೋಪಿ ಅತ್ತೆ. ಆಸ್ಪತ್ರೆಯಲ್ಲಿಲ್ಲ, ಅಂಗಡೀಲಿದ್ದೀನಿ. ಇದು ನೋಡಿ, ಬಿಸ್ಕತ್ತು. ಐಸಿಯುನಲ್ಲಿ ಇದನ್ನ ಕೊಡಲ್ಲ. ಒಬ್ಬ ಕಳ್ಳ ಓಟಿಪಿ ಕೇಳ್ದ, ನಾನು ಪೆದ್ದಿ ಹಂಗೆ ಹೇಳಿಬಿಟ್ಟೆ. ನನ್ನ ಪೇಜ್ ಈಗ ಅವನ ಕೈಲಿದೆ. ಯಾರೂ ಬಿಡಿಗಾಸೂ ಹಾಕ್ಬೇಡಿ. ಎಲ್ಲರೂ ಆ ಪೇಜನ್ನ ರಿಪೋರ್ಟ್ ಮಾಡಿ. ನನ್ನ ತಂಗಿ ಊರಿನೋರು ಯಾರಾದ್ರೂ ನೋಡ್ತಿದ್ರೆ, ದಯವಿಟ್ಟು ಓಡಿಹೋಗಿ ಅವಳಿಗೆ ತೋರಿಸಿ."

ನಾನು ಅದನ್ನು ನನ್ನ ಅಕೌಂಟಿನಲ್ಲೂ ನೆಂಟರ ಗ್ರೂಪುಗಳಲ್ಲೂ ಹಾಕಿದೆ. ಮೇಷ್ಟ್ರು ತಮ್ಮ ಶಿಷ್ಯರಿಗೆಲ್ಲ ಕಳಿಸಿದರು. ತಂಗಿಯ ಫೋನ್ ಇನ್ನೂ ಎಂಗೇಜ್ ಇತ್ತು. ಸುಮ್ಮನೆ ಕೂರಲಾಗದೆ ಅತ್ತೆಯೂ ನಾನೂ ಪೇಜ್ ಬಿಡಿಸಿಕೊಳ್ಳಲು ಕೂತೆವು.

ಇಂಥ ಕೆಲಸವನ್ನು ದಿನಾ ಬಳಸುವ ಫೋನಿನಲ್ಲೇ ಮಾಡಬೇಕು. ಕಂಪನಿಗೆ ಅದರ ಗುರುತಿರುತ್ತದೆ. ಮೊದಲು ಅತ್ತೆಯ ಇಮೇಲ್‌ಗೆ ಹೊಸ ಪಾಸ್‌ವರ್ಡ್ ಹಾಕಿದೆವು. ಇಮೇಲೂ ಕಳ್ಳನ ಪಾಲಾದರೆ ಮುಗಿಯಿತು. ಅಲ್ಲೇ ಕಂಪನಿಯ ಒಂದು ಪತ್ರ ಬಂದು ಕೂತಿತ್ತು: "ನಿಮ್ಮ ಅಕೌಂಟಿನ ವಿವರ ಬದಲಾಗಿದೆ. ಬದಲಿಸಿದ್ದು ನೀವಲ್ಲದಿದ್ದರೆ ಇಲ್ಲಿ ಒತ್ತಿ."

ಅತ್ತೆ ಬೆರಳು ಚಾಚಿದರು. ನಾನು ಕೈ ಹಿಡಿದೆ. "ತಡೀರಿ. ಕಳ್ಳರೂ ಇಂಥದ್ದೇ ಪತ್ರ ಕಳಿಸ್ತಾರೆ. ಕಳಿಸಿದವರ ವಿಳಾಸ ಅಕ್ಷರ ಅಕ್ಷರ ನೋಡೋಣ." ನೋಡಿದೆವು. ಅಸಲಿ ಕಂಪನಿಯದೇ. ಒತ್ತಿದೆವು. ನೀವೇ ಹೌದೋ ಅಲ್ಲವೋ ಎಂದು ತಿಳಿಯಲು ಮುಖದ ವಿಡಿಯೋ ಕೇಳಿತು. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ. ಅತ್ತೆ ಪಾಸ್‌ಪೋರ್ಟ್ ಫೋಟೋಕ್ಕೆ ಕೂತ ಹಾಗೆ ಉಸಿರು ಬಿಗಿಹಿಡಿದು ತಿರುಗಿದರು. ಪರಿಶೀಲಿಸಿ ತಿಳಿಸುತ್ತೇವೆ ಎಂದು ಉತ್ತರ ಬಂತು.

ಅಷ್ಟರಲ್ಲಿ ಮಾವ ನಾನು ಹಾಕಿದ್ದ ವಿಡಿಯೋ ಕೆಳಗಿನ ಒಂದು ಕಮೆಂಟ್ ತೋರಿಸಿದರು. "ಇವನು ನೋಡು, ದುಡ್ಡು ಕೊಟ್ರೆ ಅರ್ಧ ಗಂಟೇಲಿ ಪೇಜ್ ವಾಪಸ್ ತಂದುಕೊಡ್ತಾನಂತೆ."

"ಅವನೂ ಅದೇ ಗುಂಪಿನೋನು ಮಾವ. ಒಂದು ಟೋಪಿ ಸಾಲದು ಅಂತ ಎರಡನೇದು ಹಿಡ್ಕೊಂಡು ಬಂದಿದ್ದಾನೆ."

ಆಗ ಅತ್ತೆಯ ಫೋನ್ ಬಡಿದುಕೊಂಡಿತು. ಆ ಕಡೆಯ ದನಿ ಅಂಗಡಿಗೆಲ್ಲ ಕೇಳಿಸಿತು.

"ಅಕ್ಕಾ! ಚೆನ್ನಾಗಿದ್ದೀಯೇನೇ?"

"ಗುಂಡುಕಲ್ಲಿನ ಹಾಗಿದ್ದೀನಿ. ನೀನು ಹಣ ಹಾಕಿಬಿಟ್ಯಾ?"

"ಬಳೆ ಅಡ ಇಡೋಕೆ ಹೊರಟಿದ್ದೆ. ಬಾಗಿಲಿಗೆ ಬೀಗ ಹಾಕ್ತಿದ್ದೆ. ಪಕ್ಕದ ಮನೆಯವಳು ಓಡಿ ಬಂದು ನಿನ್ನ ವಿಡಿಯೋ ತೋರಿಸಿದ್ಲು. ಆಗಿನಿಂದ ಅಳ್ತಾ ನಗ್ತಾ ಇದ್ದೀನಿ."

"ನಿನ್ನ ಫೋನ್ ಯಾಕೆ ಎಂಗೇಜ್ ಇತ್ತು?"

"ಎಲ್ಲರಿಗೂ ಫೋನ್ ಮಾಡಿ ಅಳ್ತಿದ್ದೆ."

"ನನಗೊಂದು ಮಾಡ್ಬಾರ್ದಿತ್ತಾ ಪುಣ್ಯಾತ್ಗಿತ್ತಿ!"

"ಮಾಡ್ಬೇಡಿ ಅಂತ ಬರೆದಿತ್ತಲ್ಲಕ್ಕಾ!"

ಅತ್ತೆಗೆ ನಗು, ಅಳು ಒಟ್ಟಿಗೇ ಬಂತು. ನನಗೂ ಕಣ್ಣು ತುಂಬಿತು. ಮೇಷ್ಟ್ರು ಚಹಾ ಕೇಳಿ ಹಾಕಿಸಿಕೊಂಡರು.

ಮರುದಿನ ಮಧ್ಯಾಹ್ನ ಪೇಜ್ ವಾಪಸ್ ಬಂತು. ಕಳ್ಳ ಸೇರಿಸಿದ್ದ ನಂಬರು, ಇಮೇಲು ಕಿತ್ತುಹಾಕಿ, ಬೇರೆ ಎಲ್ಲಾ ಫೋನುಗಳಿಂದ ಲಾಗೌಟ್ ಮಾಡಿಸಿದೆ. ಪೇಜಿನ ಪಾಸ್‌ವರ್ಡ್ ಬದಲಿಸುವಾಗ ಅತ್ತೆ, "ಇಮೇಲ್‌ಗೆ ಹಾಕಿದ್ದನ್ನೇ ಹಾಕು, ನೆನಪಿರುತ್ತೆ" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಮಾವ ಗದರಿದರು. "ಮನೆಗೂ ಅಂಗಡಿಗೂ ಬೀರುವಿಗೂ ಒಂದೇ ಕೀ ಯಾರಾದ್ರೂ ಇಡ್ತಾರೇನೇ? ಒಂದು ಕಳೆದ್ರೆ ಎಲ್ಲಾ ಹೋಯ್ತು." ಆಮೇಲೆ ನನ್ನ ಕಡೆ ನೋಡಿ, "ಆ ಎರಡು ಹಂತದ್ದು ಅಂತೀಯಲ್ಲ, ಪಾಸ್‌ವರ್ಡ್ ಆದ್ಮೇಲೆ ಇನ್ನೊಂದು ಬೀಗ, ಅದನ್ನೂ ಹಾಕು" ಎಂದರು.

ಹಾಕಿದೆ. ಫೋನ್ ಕಳೆದರೆ ಬೇಕಾಗುವ ಬ್ಯಾಕಪ್ ಕೋಡುಗಳನ್ನು ಬರೆದು ಬೀರುವಿನಲ್ಲಿಟ್ಟೆವು.

ಎಲ್ಲ ಮುಗಿದ ಮೇಲೂ ಮಾವ ಅಲ್ಲೇ ನಿಂತಿದ್ದರು. ಕೀ ಉಜ್ಜುವ ಅರವನ್ನು ಕೈಯಲ್ಲಿ ಹಿಡಿದು ಒರೆಸಿದ್ದೇ ಒರೆಸಿದ್ದು.

"ನನ್ನದೂ ಒಂದು ಪೇಜಿತ್ತು," ಎಂದರು ಕೊನೆಗೆ. "ಹಳೇ ಬೀಗಗಳ ಫೋಟೋ ಹಾಕ್ತಿದ್ದೆ. ಹೋದ ವರ್ಷ ಹೀಗೇ ಹೋಯ್ತು. ಬೀಗದವನೇ ಬೀಗ ಕಳ್ಕೊಂಡ ಅಂತಾರಲ್ಲ ಅಂತ ಯಾರಿಗೂ ಹೇಳ್ಲಿಲ್ಲ."

ಫೋನಿನ ಮೇಲೆ ಅವರಿಗೆ ಅಷ್ಟು ಸಿಟ್ಟು ಯಾಕೆ ಎಂದು ನನಗೆ ಆಗ ಗೊತ್ತಾಯಿತು. ಅತ್ತೆ ಗೇಲಿ ಮಾಡಲಿಲ್ಲ. ತಮ್ಮ ಕುರ್ಚಿಯನ್ನೇ ಅವರ ಮುಂದೆ ಎಳೆದರು.

"ಒಂದು ವರ್ಷ ಒಬ್ರೇ ನುಂಗ್ಕೊಂಡಿದ್ರಾ? ಕೂತ್ಕೊಳ್ಳಿ. ಎಲ್ಲಿ ನಿಮ್ಮ ಫೋನು?"

ಮಾವನ ಪೇಜ್ ಇನ್ನೂ ಸಿಕ್ಕಿಲ್ಲ. ತಡವಾದಷ್ಟೂ ಕಷ್ಟ. ಪ್ರಯತ್ನ ಬಿಟ್ಟಿಲ್ಲ. ಆದರೆ ಮಾವನ ಗೊಣಗಾಟ ನಿಂತಿದೆ. ಕೀ ಮಾಡಿಸಲು ಬಂದವರಿಗೆಲ್ಲ ಈಗ ತಮ್ಮ ಕಥೆ ತಾವೇ ಹೇಳುತ್ತಾರೆ, ಬಂದವರಿಗಿಂತ ಜೋರಾಗಿ ತಾವೇ ನಗುತ್ತಾರೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಓಟಿಪಿ ಕೇಳುವವರು ಎಷ್ಟೇ ನಯವಾಗಿ ಕೇಳಲಿ, ಹೇಳಬೇಡಿ. ಇವತ್ತೇ ಒಂದೊಂದು ಅಕೌಂಟಿಗೆ ಒಂದೊಂದು ಪಾಸ್‌ವರ್ಡ್ ಇಟ್ಟು, ಎರಡು ಹಂತದ ಭದ್ರತೆ ಹಾಕಿಕೊಳ್ಳಿ. ಯಾರಾದರೂ ಮೆಸೇಜಿನಲ್ಲಿ ಹಣ ಕೇಳಿದರೆ ಮೊದಲು ಅವರ ದನಿ ಕೇಳಿ. ಹಣ ಹೋಗಿದ್ದರೆ ಕೂಡಲೇ ಬ್ಯಾಂಕಿಗೂ ಸೈಬರ್ ಪೊಲೀಸರಿಗೂ ತಿಳಿಸಿ. ಇನ್ನೊಂದು ಮಾತು. ನಿಮ್ಮ ಮನೆಯಲ್ಲಿ ಯಾರಾದರೂ ಮೋಸ ಹೋಗಿ ಬಾಯಿ ಮುಚ್ಚಿಕೊಂಡು ಕೂತಿರಬಹುದು. ಬೈಯದೆ ಕೇಳಿ ನೋಡಿ. ಅವರು ನಿಮಗೆ ಇವತ್ತು ಹೇಳಿದರೆ ನಾಳೆ ಇನ್ನೊಬ್ಬರ ಬಳೆ ಉಳಿಯುತ್ತದೆ.